ಜಾಲರಿ ಪರದೆಗಳು ಈಗಲೂ ಮನೆಗೆ ಒಪ್ಪುತ್ತವೆಯೇ?

ಹಜಾರದ ಕಿಟಕಿ:

ಎಲ್ಲರಿಗೂ ನಮಸ್ಕಾರ. ಸಣ್ಣದೆಂದು ಕಾಣುವ, ಆದರೆ ಕಳೆದ ಎರಡು ತಿಂಗಳಿಂದ ನಮ್ಮ ಮನೆಯ ನೆಮ್ಮದಿಯನ್ನು ಕೆಡಿಸಿರುವ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ನಾವು ಈಗಿರುವ ಮನೆ ನೆಲಮಹಡಿಯಲ್ಲಿದೆ. ಹಜಾರದ ದೊಡ್ಡ ಕಿಟಕಿ ನೇರವಾಗಿ ಕಾಲುದಾರಿಗೆ ಮುಖಮಾಡಿದ್ದು, ಆಚೆ ನಡೆದುಹೋಗುವವರಿಗೂ ಈಚೆ ಕುರ್ಚಿಯಲ್ಲಿ ಕುಳಿತವರಿಗೂ ನಡುವೆ ಎರಡು ಮಾರಿನಷ್ಟು ಅಂತರವೂ ಇಲ್ಲ. ನಮಗಿಂತ ಮೊದಲು ಇಲ್ಲಿದ್ದವರು ಆ ಕಿಟಕಿಗೆ ಬಿಳಿಯ ಜಾಲರಿ ಪರದೆ ಕಟ್ಟಿ, ಹೋಗುವಾಗ ಅದನ್ನು ಹಾಗೆಯೇ ಬಿಟ್ಟುಹೋಗಿದ್ದರು. ಕಿಟಕಿಯ ಕೆಳ ಅಂಚಿಗೆ ನಿಲ್ಲುವಷ್ಟೇ ಉದ್ದದ, ಕೆಳಗೆ ಹೂಬಳ್ಳಿಯ ಲೇಸ್ ಇದ್ದ, ಸ್ವಲ್ಪ ಹಳದಿಗೆ ತಿರುಗಿದ್ದ ಪರದೆ ಅದು.

ಮನೆ ನೋಡಲು ಬಂದ ನೆಂಟರೊಬ್ಬರು, ಇಂಥದ್ದನ್ನು ಈಗ ಯಾರೂ ಹಾಕುವುದಿಲ್ಲ, ಇದನ್ನು ತೆಗೆದರೆ ಕೋಣೆಗೆ ಕಳೆ ಬರುತ್ತದೆ ಎಂದರು. ನನಗೂ ಹೌದೆನಿಸಿ ತೆಗೆದುಬಿಟ್ಟೆ. ಕೋಣೆ ಬೆಳಗಿತು, ನಿಜ. ಆದರೆ ಮಧ್ಯಾಹ್ನದ ಹೊತ್ತು ಆ ಕಿಟಕಿಯ ಬಳಿ ಕುಳಿತು ಓದುತ್ತಿದ್ದ ನಮ್ಮ ಅತ್ತೆಯವರು ಮೂರನೆಯ ದಿನವೇ ಪುಸ್ತಕ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ಒಳಗೆ ಕಣ್ಣು ಹಾಯಿಸಿಯೇ ಹೋಗುತ್ತಾರೆ, ನನಗೆ ಕೂರಲಾಗುವುದಿಲ್ಲ ಎಂದರು. ದಪ್ಪ ಪರದೆ ಎಳೆದರೆ ಹಗಲಿನಲ್ಲೇ ದೀಪ ಹಾಕಬೇಕಾಗುತ್ತದೆ. ಜಾಲರಿ ಪರದೆಗಳ ಕಾಲ ನಿಜವಾಗಿಯೂ ಮುಗಿದಿದೆಯೇ? ಮುಗಿದಿದ್ದರೆ, ಅವು ಮಾಡುತ್ತಿದ್ದ ಕೆಲಸವನ್ನು ಈಗ ಯಾವುದು ಮಾಡುತ್ತಿದೆ?

ಬಿಳಿ ಗೋಡೆ:

ತಾವು ನೇರವಾಗಿ ಕೇಳಿದ್ದರಿಂದ ನೇರವಾಗಿಯೇ ಹೇಳುತ್ತೇನೆ. ತಾವು ವರ್ಣಿಸಿದಂಥ ಪರದೆ ಹೊಸದಾಗಿ ಸಿಂಗರಿಸಿದ ಮನೆಗಳಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ, ಮತ್ತು ಅದಕ್ಕೆ ಕಾರಣವಿದೆ. ಅದು ಧೂಳು ಹಿಡಿಯುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ, ಹೊರಗಿನ ಮರವನ್ನೋ ಆಕಾಶವನ್ನೋ ಮಸುಕಾಗಿಸುತ್ತದೆ. ನಾನು ಬೆಳೆದ ಮನೆಯಲ್ಲಿ ಎಲ್ಲ ಕಿಟಕಿಗಳಿಗೂ ಅದೇ ಇತ್ತು. ಇಡೀ ಬಾಲ್ಯದಲ್ಲಿ ನನ್ನ ಕೋಣೆಯಿಂದ ಹೊರಗಿನ ನೋಟವನ್ನು ನಾನು ಸ್ಪಷ್ಟವಾಗಿ ಕಂಡದ್ದೇ ಕಡಿಮೆ. ಸ್ವಂತ ಮನೆ ಮಾಡಿದಾಗ ಒಂದು ಕಿಟಕಿಗೂ ಜಾಲರಿ ಹಾಕಲಿಲ್ಲ. ಬೀದಿಗಿರುವ ಗಾಜಿನ ಕೆಳಗಿನ ಅರ್ಧಕ್ಕೆ ಮಂಜುಗಾಜಿನಂತೆ ಕಾಣುವ ಹಾಳೆಯನ್ನು ಅಂಟಿಸಿದ್ದೇನೆ. ಬೆಳಕು ಬರುತ್ತದೆ, ಯಾರಿಗೂ ಏನೂ ಕಾಣುವುದಿಲ್ಲ, ಒಗೆಯುವ ಕೆಲಸವೂ ಇಲ್ಲ. ತಮಗೂ ಅದೇ ಸರಿಹೊಂದಬಹುದು.

ಸೂಜಿದಾರ:

ಪರದೆ ಹೊಲಿಯುವುದೇ ಇಪ್ಪತ್ತು ವರ್ಷಗಳಿಂದ ನನ್ನ ಕಸುಬು. ಹಾಗಾಗಿ ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಜನ ಬೇಡವೆನ್ನುತ್ತಿರುವುದು ಜಾಲರಿಯನ್ನಲ್ಲ, ಜಾಲರಿಯನ್ನು ಕಟ್ಟುತ್ತಿದ್ದ ಒಂದು ಬಗೆಯನ್ನು. ನನ್ನ ಬಳಿ ಬರುವವರಲ್ಲಿ ಅನೇಕರು ಮಾತು ಆರಂಭಿಸುವುದೇ ‘ನೆಟ್ ಕರ್ಟನ್ ಮಾತ್ರ ಬೇಡ’ ಎಂದು. ಅರ್ಧ ಗಂಟೆ ಬಟ್ಟೆ ನೋಡಿದ ಮೇಲೆ ಅವರು ಆರಿಸಿಕೊಂಡು ಹೋಗುವುದು ತೆಳುವಾದ ವಾಯಿಲ್ ಅಥವಾ ಲಿನೆನ್ ಪರದೆಯನ್ನು, ಅಂದರೆ ಅದೇ ಕೆಲಸ ಮಾಡುವ, ಅದೇ ಹಗುರದ, ಬೇರೆ ಹೆಸರಿನ ಬಟ್ಟೆಯನ್ನು.

ಹಳೆಯದಾಗಿ ಕಾಣುವಂತೆ ಮಾಡುವುದು ಏನೆಂದು ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು, ಬಟ್ಟೆಯ ಕೊರತೆ. ಮೂರು ಮೀಟರ್ ಅಗಲದ ಸರಳಿಗೆ ನಾಲ್ಕು ಮೀಟರ್ ಬಟ್ಟೆ ಹಾಕಿದರೆ ನೆರಿಗೆ ಬೀಳುವುದಿಲ್ಲ. ಅದು ಕಿಟಕಿಗೆ ಒಣಹಾಕಿದ ಬಟ್ಟೆಯಂತೆ ಕಾಣುತ್ತದೆ. ತೆಳು ಬಟ್ಟೆಗೆ ಸರಳಿನ ಅಗಲದ ಎರಡು ಪಟ್ಟು ಬೇಕೇ ಬೇಕು. ಎರಡೂವರೆ ಪಟ್ಟಿದ್ದರೆ ಚೆನ್ನ, ತೀರಾ ಹಗುರವಾದ ಬಟ್ಟೆಗೆ ಮೂರು ಪಟ್ಟಾದರೂ ಹೆಚ್ಚಲ್ಲ. ಆಮೇಲೆ ಉದ್ದದ ಮಾತು. ಕಿಟಕಿಯ ಅಂಚಿಗೇ ಕತ್ತರಿಸಿದ ಪರದೆ ಗೋಡೆಯನ್ನು ಎರಡು ತುಂಡು ಮಾಡುತ್ತದೆ. ಅದೇ ಬಟ್ಟೆಯನ್ನು ಸೂರಿನ ಹತ್ತಿರದಿಂದ ಇಳಿಬಿಟ್ಟು, ನೆಲಕ್ಕೆ ಒಂದೆರಡು ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಚೌಕಟ್ಟಿಗಿಂತ ಒಂದು ಗೇಣು ಹೆಚ್ಚು ಹರಡಿದರೆ ಕಿಟಕಿ ದೊಡ್ಡದಾಗಿ, ಗೋಡೆ ಎತ್ತರವಾಗಿ ಕಾಣುತ್ತದೆ. ಈಗ ತೆಳು ಪರದೆಯ ಬಟ್ಟೆ 280ರಿಂದ 300 ಸೆಂಟಿಮೀಟರ್ ಪನ್ನದಲ್ಲಿ, ಅಂದರೆ ಅಗಲದಲ್ಲಿ, ಸುಲಭವಾಗಿ ಸಿಗುತ್ತದೆ. ಅದನ್ನು ಅಡ್ಡಕ್ಕೆ ತಿರುಗಿಸಿ ಬಳಸಿದರೆ ಪನ್ನವೇ ಪರದೆಯ ಎತ್ತರವಾಗುತ್ತದೆ, ನಡುವೆ ಒಂದೂ ಜೋಡಣೆಯ ಹೊಲಿಗೆ ಬರುವುದಿಲ್ಲ. ಎಷ್ಟೋ ಬಟ್ಟೆಗಳಲ್ಲಿ ಕೆಳಗಿನ ಅಂಚಿನೊಳಗೆ ಸಣ್ಣ ತೂಕದ ಸರವೂ ಇರುತ್ತದೆ. ಗಾಳಿಗೆ ಪರದೆ ಹಾರದೆ ನೆಟ್ಟಗೆ ಬೀಳಲಿ ಎಂಬುದೇ ಅದರ ಉದ್ದೇಶ.

ಹಳೆಯ ಪರದೆಯನ್ನು ಎಸೆದಿಲ್ಲವಾದರೆ ದಯವಿಟ್ಟು ಎಸೆಯಬೇಡಿ.

ಹಳೆಯ ನೇಯ್ಗೆ:

ಈ ಬಟ್ಟೆ ಒಂದು ಕಾಲದಲ್ಲಿ ಎಷ್ಟು ದುಬಾರಿಯಾಗಿತ್ತೆಂಬುದನ್ನು ನೆನೆದರೆ ಅದರ ಇಂದಿನ ಸ್ಥಿತಿ ಅರ್ಥವಾಗುತ್ತದೆ. ಕೈಯಲ್ಲಿ ಲೇಸ್ ಹೆಣೆಯುತ್ತಿದ್ದಾಗ ಒಂದು ಅಂಗೈ ಅಗಲದ ಜಾಲಕ್ಕೂ ದಿನಗಟ್ಟಲೆ ದುಡಿಮೆ ಬೇಕಿತ್ತು. ಕಿಟಕಿಗೆ ಅದನ್ನು ಹಾಕುವ ಮಾತು ಸಾಮಾನ್ಯರ ಮನೆಯಲ್ಲಿ ಹುಟ್ಟುವುದೇ ಸಾಧ್ಯವಿರಲಿಲ್ಲ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರಲ್ಲಿ ಪೇಟೆಂಟ್ ಪಡೆದ ಯಂತ್ರ, ಕೈಹೆಣಿಗೆಯ ಷಟ್ಕೋನ ಕಣ್ಣುಗಳ ಜಾಲವನ್ನು ಮೊದಲ ಬಾರಿಗೆ ಸಮರ್ಪಕವಾಗಿ ಯಂತ್ರದಲ್ಲಿ ತೆಗೆಯಿತು. 1816ರಲ್ಲಿ ಯಂತ್ರವಿರೋಧಿ ಕೆಲಸಗಾರರು ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಅವನು ಊರನ್ನೇ ಬಿಟ್ಟು ಟಿವರ್ಟನ್‌ಗೆ ಹೋಗಿ ಮತ್ತೆ ಆರಂಭಿಸಿದ. ನಾವಿಂದು ಹಳತೆಂದು ಸರಿಸುವ ಈ ಜಾಲದ ಹಿಂದೆ ಅನ್ನ ಕಳೆದುಕೊಂಡವರ ಸಂಕಟವೂ ಇದೆ ಎಂಬುದನ್ನು ನಾನು ಮರೆಯಲಾರೆ. 1846ರಲ್ಲಿ ಜಾನ್ ಲಿವ್ಸಿ ನಾಟಿಂಗ್‌ಹ್ಯಾಮ್‌ನಲ್ಲಿ ಇಡೀ ಕಿಟಕಿಯ ಅಳತೆಯ ಚಿತ್ತಾರದ ಪರದೆಯನ್ನೇ ತೆಗೆಯುವಂತೆ ಯಂತ್ರವನ್ನು ಮಾರ್ಪಡಿಸಿದ ಮೇಲೆ ಲೇಸ್ ಪರದೆ ಸಾಧಾರಣ ಮನೆಗಳ ಕಿಟಕಿಗೂ ಬಂದಿತು.

ಇನ್ನೊಂದು ತಿರುವು 1941ರದು. ಆ ವರ್ಷ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನೂಲನ್ನು ರೂಪಿಸಿದರು. ಹತ್ತಿಯ ಜಾಲರಿ ಒಗೆದರೆ ಕುಗ್ಗುತ್ತಿತ್ತು, ಗಂಜಿ ಹಾಕಿ ಚೌಕಟ್ಟಿಗೆ ಎಳೆದು ಒಣಗಿಸಬೇಕಿತ್ತು. ಹೊಸ ನೂಲಿನದು ಒಗೆದ ತಾಸಿನಲ್ಲೇ ಒಣಗಿ, ಇಸ್ತ್ರಿಯಿಲ್ಲದೆ ಮತ್ತೆ ಕಿಟಕಿಗೇರಿತು. ಎಲ್ಲರಿಗೂ ಎಟಕುವಂತಾಯಿತು, ಎಲ್ಲರ ಕಿಟಕಿಯಲ್ಲೂ ಒಂದೇ ಹೂಬಳ್ಳಿ ಕಾಣತೊಡಗಿದ ಮೇಲೆ ಅದರ ಮೇಲಿನ ಆಸೆ ಇಳಿಯಿತು ಎಂದು ನನಗನಿಸುತ್ತದೆ. ಹೀಗೆ ಬೇಡವಾದ ವಸ್ತು ಕೆಟ್ಟದ್ದೆಂದೇನೂ ಅಲ್ಲ. ಸ್ಕಾಟ್ಲೆಂಡಿನ ನ್ಯೂಮಿಲ್ನ್ಸ್ ಎಂಬ ಸಣ್ಣ ಊರಿನಲ್ಲಿ ಹಳೆಯ ಮಾದರಿಯ ಮಗ್ಗಗಳಲ್ಲಿ ಇಂದಿಗೂ ಲೇಸ್ ಪರದೆಗಳು ನೇಯ್ಗೆಯಾಗುತ್ತಿವೆ, ಮತ್ತು ಅವುಗಳ ಬಿನ್ನಾಣ ಕಂಡವರು ಅದನ್ನು ಹಳೆಯ ಕಾಲದ್ದೆಂದು ಒಂದು ಬದಿಗೆ ಸರಿಸಲಾರರು.

ನಾಲ್ಕನೇ ಮಹಡಿ:

ರಾತ್ರಿಯ ವಿಷಯವನ್ನು ಯಾರೂ ಹೇಳಿಲ್ಲ. ನಾವು ಬಿಳಿಯ ತೆಳು ಪರದೆಯನ್ನಷ್ಟೇ ನಂಬಿ ಒಂದು ವರ್ಷ ಕಳೆದಿದ್ದೆವು. ಒಂದು ಸಂಜೆ ದೀಪ ಹಚ್ಚಿದ ಮೇಲೆ ಕೆಳಗಿಳಿದು ಹೋಗಿ ತಲೆಯೆತ್ತಿ ನೋಡಿದರೆ, ಗೋಡೆಯ ಗಡಿಯಾರವೂ ಮೇಜಿನ ಬಳಿ ನಿಂತಿದ್ದ ನಮ್ಮ ಮಗಳೂ ಪರದೆಯೇ ಇಲ್ಲವೆಂಬಷ್ಟು ಸ್ಪಷ್ಟವಾಗಿ ಕಂಡರು. ಅಷ್ಟು ದಿನ ಹಾಗೇ ಕಾಣುತ್ತಿತ್ತೆಂದು ನೆನೆದು ಮೈ ಜುಮ್ಮೆಂದಿತು. ಅದೇ ವಾರ ಎರಡನೆಯ ಸರಳು ಹಾಕಿಸಿ ದಪ್ಪ ಪರದೆ ತೂಗುಹಾಕಿದೆವು. ತಾವೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಗಾಜುಗೋಡೆ:

ನಾಲ್ಕನೇ ಮಹಡಿಯವರು ಕಂಡದ್ದರ ಕಾರಣವನ್ನು ತಿಳಿದರೆ ಬಟ್ಟೆ ಆರಿಸುವುದು ಬಹಳ ಸುಲಭವಾಗುತ್ತದೆ. ಮನೆಗಳ ಒಳಾಂಗಣ ರೂಪಿಸುವ ಕೆಲಸದಲ್ಲಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜಾಲರಿ ಪರದೆ ಯಾವುದನ್ನೂ ತಡೆಯುವ ಗೋಡೆಯಲ್ಲ. ಅದು ಎರಡು ಬದಿಯ ಬೆಳಕಿನ ವ್ಯತ್ಯಾಸದಿಂದ ಕೆಲಸ ಮಾಡುತ್ತದೆ. ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್ ಇರುತ್ತದೆ, ಹಗಲಿನ ನೆರಳಿನಲ್ಲೂ 10,000 ಲಕ್ಸ್‌ನಷ್ಟಿರಬಹುದು. ಅದೇ ಹೊತ್ತಿಗೆ ಕೋಣೆಯ ಒಳಗೆ, ಕಿಟಕಿಯಿಂದ ಸ್ವಲ್ಪ ದೂರದಲ್ಲಿ, ಕೆಲವು ನೂರು ಲಕ್ಸ್ ಮಾತ್ರ. ಹೊರಗೆ ನಿಂತವರ ಕಣ್ಣಿಗೆ ಬೆಳಗಿದ ಬಿಳಿ ನೂಲಿನ ಪ್ರಕಾಶವೇ ಮೊದಲು ತಾಕುತ್ತದೆ. ನೂಲಿನ ನಡುವಿನ ಕಿಂಡಿಗಳಿಂದ ಬರುವ ಮಂದ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಕತ್ತಲಾದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಬೀದಿ ದೀಪದ ಕೆಳಗೆ ಹತ್ತಿಪ್ಪತ್ತು ಲಕ್ಸ್, ಕೋಣೆಯೊಳಗೆ ನೂರಕ್ಕೂ ಹೆಚ್ಚು. ಆಗ ಎಷ್ಟೇ ಒಳ್ಳೆಯ ಜಾಲರಿಯಾದರೂ ಒಬ್ಬಂಟಿಯಾಗಿ ಏನೂ ಮಾಡಲಾರದು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಬಿಳಿಯ ನೂಲು ಹೆಚ್ಚು ಬೆಳಕನ್ನು ಹಿಂದಕ್ಕೆ ಚೆಲ್ಲುವುದರಿಂದ ಹಗಲಿನ ಮರೆಗೆ ಅದೇ ಮೇಲು, ಆದರೆ ಒಳಗಿನಿಂದ ನೋಡುವವರಿಗೂ ಅದು ಮಂಜಿನಂತೆ ಅಡ್ಡ ಬರುತ್ತದೆ. ಕಪ್ಪು ಅಥವಾ ಗಾಢ ಬೂದು ಬಣ್ಣದ ಜಾಲದ ಮೂಲಕ ಹೊರನೋಟ ಸ್ಪಷ್ಟವಾಗಿ ಕಾಣುತ್ತದೆ, ಮರೆ ಮಾತ್ರ ಕಡಿಮೆ. ಬಿಳಿ ಗೋಡೆಯವರು ಬಾಲ್ಯದಲ್ಲಿ ಅನುಭವಿಸಿದ ಮಸುಕು ನಿಜವಾದದ್ದೇ. ಬಹುಶಃ ಅಲ್ಲಿದ್ದದ್ದು ಒತ್ತು ಹೆಣಿಗೆಯ ಬಿಳಿ ಜಾಲರಿ. ನೋಟವೂ ಬೇಕು, ಮರೆಯೂ ಬೇಕು ಎನ್ನುವವರಿಗೆ ತಿಳಿ ಬೂದು ಅಥವಾ ಮಾಸಲು ಬಣ್ಣದ ಲಿನೆನ್ ನಡುವಿನ ದಾರಿ. ಕುಳಿತುಕೊಳ್ಳುವ ಜಾಗವೂ ಮುಖ್ಯ. ಪರದೆಗೆ ತಾಗಿದಂತೆ ಕುಳಿತವರ ಮೇಲೆ ಹೊರಗಿನ ಬೆಳಕು ಬೀಳುವುದರಿಂದ ಅವರ ಆಕಾರ ಹೊರಗಿನವರಿಗೆ ಕಾಣುತ್ತದೆ; ಕುರ್ಚಿಯನ್ನು ಒಂದು ಮಾರು ಒಳಗೆ ಸರಿಸಿದರೆ ಮರೆ ಬಹಳ ಹೆಚ್ಚುತ್ತದೆ. ಒಂದು ತುಂಡು ಬಟ್ಟೆಯನ್ನು ಕಿಟಕಿಗೆ ಸಿಕ್ಕಿಸಿ, ಒಬ್ಬರು ಒಳಗೆ ಕುಳಿತು ಇನ್ನೊಬ್ಬರು ಹೊರಗೆ ಹೋಗಿ, ಮಧ್ಯಾಹ್ನ ಒಮ್ಮೆ ಸಂಜೆ ಒಮ್ಮೆ ನೋಡದೆ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಫ್ಯಾಷನ್ನಿನ ಪ್ರಶ್ನೆಗೆ ಬರುತ್ತೇನೆ. ತೆಳು ಪರದೆ ಮರಳಿ ಬಂದಿರುವುದಕ್ಕೆ ದೊಡ್ಡ ಗಾಜುಗಳೇ ಕಾರಣವೆಂಬುದು ನನ್ನ ತಿಳಿವಳಿಕೆ. ನೆಲದಿಂದ ಸೂರಿನವರೆಗೆ ಗಾಜಿರುವ ಮನೆಯಲ್ಲಿ ಮರೆಯ ಸಮಸ್ಯೆ ಹೊಸದಾಗಿ ಎದುರಾಗುತ್ತದೆ. ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಹೊಸ ಕಟ್ಟಡ 2016ರಲ್ಲಿ ತೆರೆದಾಗ, ಅದರ ಮೇಲಿನ ವೀಕ್ಷಣಾ ಮೊಗಸಾಲೆಗೆ ಬಂದವರೆಲ್ಲ ಎದುರಿನ ಗಾಜುಗೋಡೆಯ ಮನೆಗಳೊಳಗೆ ಇಣುಕಲು, ಚಿತ್ರ ತೆಗೆಯಲು ಆರಂಭಿಸಿದರು. ಮನೆಯವರು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ಉಚ್ಚ ನ್ಯಾಯಾಲಯ ಅವರ ಮೊರೆಯನ್ನು ತಳ್ಳಿಹಾಕುವಾಗ, ಮನೆಯವರು ಕೈಗೊಳ್ಳಬಹುದಾದ ಕ್ರಮಗಳಲ್ಲಿ ಜಾಲರಿ ಪರದೆಯನ್ನೂ ಹೆಸರಿಸಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮೂರಕ್ಕೆ ಎರಡರ ಬಹುಮತದಿಂದ ಆ ತೀರ್ಪನ್ನು ಬದಲಿಸಿ, ತೊಂದರೆಗೆ ಒಳಗಾದವರ ಮೇಲೆಯೇ ಪರದೆ ಹಾಕಿಕೊಳ್ಳುವ ಹೊರೆ ಹೊರಿಸುವುದು ಸರಿಯಲ್ಲವೆಂದಿತು. ಈ ಪ್ರಕರಣ ನನಗೆ ಮುಖ್ಯವೆನಿಸುವುದು ಇದಕ್ಕಾಗಿ: ಪರದೆ ನಮ್ಮ ಇಷ್ಟದಿಂದ ನಾವು ಎಳೆದುಕೊಳ್ಳುವಂಥದ್ದಾಗಿರಬೇಕು. ತಮ್ಮ ಅತ್ತೆಯವರು ಒಳಕೋಣೆಗೆ ಹೋದದ್ದು ಅವರ ಇಷ್ಟದಿಂದಲ್ಲ ಎಂಬುದನ್ನು ಓದಿದಾಗ ನನಗೆ ನೋವಾಯಿತು.

ಬಿಳಿ ಗೋಡೆ:

ಗಾಜುಗೋಡೆಯವರ ವಿವರಣೆಗೆ ನಾನು ಆಭಾರಿ. ನನ್ನ ಬಾಲ್ಯದ ಕೋಣೆಯ ಮಸುಕಿಗೆ ಕಾರಣ ಬಿಳಿ ಬಣ್ಣವೆಂದು ಈವರೆಗೆ ಯೋಚಿಸಿರಲಿಲ್ಲ. ಆದರೂ ಅಂಟುಹಾಳೆಯ ಪರವಾದ ನನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳಲಾರೆ, ಏಕೆಂದರೆ ಮಂಜುಗಾಜಿನಂಥ ಹಾಳೆ ರಾತ್ರಿಯೂ ಕೆಲಸ ಮಾಡುತ್ತದೆ. ಕನ್ನಡಿಯಂತೆ ಹೊಳೆಯುವ ಹಾಳೆಗೆ ಮಾತ್ರ ಜಾಲರಿಯ ಹಾಗೆಯೇ ಹಗಲಿನ ಬಲ, ಇರುಳಿನ ಸೋಲು. ಸ್ನಾನದ ಮನೆಗೆ ಮಂಜುಗಾಜಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಮೆಟ್ಟಿಲ ಪಕ್ಕದ ಮನೆ:

ಹಾಳೆಯ ವಿಷಯದಲ್ಲಿ ಒಂದು ಮಾತು. ಅದು ಗಾಜಿಗೆ ಅಂಟಿರುತ್ತದೆ. ಕಿಟಕಿಯ ಕದ ತೆರೆದ ಕೂಡಲೇ ಮರೆಯೂ ಕದದ ಜೊತೆಗೆ ಹೋಗುತ್ತದೆ. ಸೆಕೆಯ ದಿನಗಳಲ್ಲಿ ಕಿಟಕಿ ತೆರೆದಿಟ್ಟೇ ಬದುಕುವವರಿಗೆ ಗಾಳಿಯನ್ನು ಬಿಟ್ಟುಕೊಂಡು ಮರೆಯನ್ನು ಉಳಿಸುವುದು ಬಟ್ಟೆಯೊಂದೇ. ಇದನ್ನು ಸೊಳ್ಳೆ ಪರದೆಯೆಂದು ತಿಳಿದುಕೊಳ್ಳುವವರೂ ಇದ್ದಾರೆ. ಸಡಿಲವಾಗಿ ತೂಗುವ ಪರದೆಯ ಬದಿಗಳಿಂದ ಸೊಳ್ಳೆ ಧಾರಾಳವಾಗಿ ಬರುತ್ತದೆ, ಅದಕ್ಕೆ ಚೌಕಟ್ಟಿಗೆ ಬಿಗಿದ ಜಾಲರಿಯೇ ಬೇಕು.

ಮನೆಯಲ್ಲಿ ಪುಟ್ಟ ಮಕ್ಕಳಿರುವವರು ಇನ್ನೊಂದನ್ನು ಗಮನಿಸಬೇಕು. ಎಳೆದು ಏರಿಸುವ ಬ್ಲೈಂಡ್‌ಗಳ ಕುಣಿಕೆಯಂಥ ದಾರ ಮಕ್ಕಳ ಕೊರಳಿಗೆ ಸಿಕ್ಕಿ ಪ್ರಾಣಾಪಾಯವಾದ ಘಟನೆಗಳು ಅನೇಕ ದೇಶಗಳಲ್ಲಿ ನಡೆದು, ಅಂಥ ದಾರಗಳ ಬಗ್ಗೆ ಕಟ್ಟುನಿಟ್ಟಾದ ಸುರಕ್ಷತಾ ನಿಯಮಗಳೇ ಬಂದಿವೆ. ಸರಳಿಗೆ ಪೋಣಿಸಿದ ಪರದೆಯಲ್ಲಿ ಆ ದಾರವಿಲ್ಲ. ನಮ್ಮ ಮಗು ಅಂಬೆಗಾಲಿಡಲು ಆರಂಭಿಸಿದ ವಾರವೇ ಬ್ಲೈಂಡ್ ತೆಗೆಸಿ ತೆಳು ಪರದೆ ಹಾಕಿಸಿದವಳು ನಾನು. ಒಲೆ ಹಾಗೂ ದೀಪದ ಹತ್ತಿರ ಮಾತ್ರ ಯಾವ ತೆಳು ಬಟ್ಟೆಯೂ ಬೇಡ. ಅದು ಬೆಂಕಿಗೆ ಬೇಗ ತುತ್ತಾಗುತ್ತದೆ.

ಸೂಜಿದಾರ:

ಒಗೆಯುವುದರ ಬಗ್ಗೆ ಬಿಳಿ ಗೋಡೆಯವರು ಮೊದಲೇ ಎತ್ತಿದ ಆಕ್ಷೇಪಕ್ಕೆ ನಾನು ಉತ್ತರಿಸಬೇಕಿತ್ತು. ಧೂಳು ಹಿಡಿಯುತ್ತದೆ ಎಂಬುದು ನಿಜ, ಹಳದಿಯಾಗುತ್ತದೆ ಎಂಬುದೂ ನಿಜ. ಆದರೆ ಹೆಚ್ಚಿನ ಪರದೆಗಳು ಕೆಡುವುದು ಕೊಳೆಯಿಂದಲ್ಲ, ತಪ್ಪಾಗಿ ಒಗೆಯುವುದರಿಂದ. ಮೊದಲು ಹೊರಗೆ ಕೊಡವಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿಡಬೇಕು. ಯಂತ್ರಕ್ಕೆ ಹಾಕುವುದಾದರೆ ದೊಡ್ಡ ದಿಂಬಿನ ಚೀಲದಲ್ಲಿಟ್ಟು, 30 ಡಿಗ್ರಿ ನೀರಿನಲ್ಲಿ ಮೆಲ್ಲನೆ ತಿರುಗಿಸಬೇಕು. ಬಿಸಿನೀರು ಬೇಡ, ಪಾಲಿಯೆಸ್ಟರ್ ನೂಲು 70 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗುತ್ತದೆ, ಆಗ ಬಿದ್ದ ಸುಕ್ಕು ತಣಿದ ಮೇಲೆ ಅಲ್ಲಿಯೇ ನಿಂತುಬಿಡುತ್ತದೆ. ಹಿಂಡಬಾರದು. ಒದ್ದೆಯಾಗಿರುವಾಗಲೇ ಸರಳಿಗೆ ಏರಿಸಿದರೆ ತನ್ನ ತೂಕಕ್ಕೇ ತಾನು ನೆಟ್ಟಗಾಗುತ್ತದೆ. ನೈಲಾನ್ ಪರದೆಗೆ ಕ್ಲೋರಿನ್ ಬ್ಲೀಚ್ ಹಾಕಿದರೆ ಬಿಳುಪಾಗುವ ಬದಲು ಮತ್ತಷ್ಟು ಹಳದಿಯಾಗಿ ನೂಲು ಜೀರ್ಣವಾಗುತ್ತದೆ. ಲಿನೆನ್ ಹಾಗೂ ಹತ್ತಿ ಕುಗ್ಗುವ ಜಾತಿಯವು. ಅವುಗಳನ್ನು ಕತ್ತರಿಸುವ ಮೊದಲೇ ಒಮ್ಮೆ ಒಗೆಯಬೇಕು. ನೆಲಕ್ಕೆ ಸರಿಯಾಗಿ ಹೊಲಿದ ಲಿನೆನ್ ಪರದೆ ಮೊದಲ ಒಗೆತಕ್ಕೆ ನಾಲ್ಕು ಬೆರಳು ಮೇಲೇರಿದ್ದನ್ನು ನಾನು ಕಂಡಿದ್ದೇನೆ, ಆ ತಪ್ಪು ನನ್ನದೇ ಆಗಿತ್ತು.

ಹಜಾರದ ಕಿಟಕಿ:

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ಮೂರು ವಾರಗಳಲ್ಲಿ ಏನಾಯಿತೆಂದು ತಿಳಿಸದಿದ್ದರೆ ತಪ್ಪಾಗುತ್ತದೆ.

ಗಾಜುಗೋಡೆಯವರು ಹೇಳಿದಂತೆ ಮೂರು ಬಟ್ಟೆಗಳ ತುಂಡು ತಂದು ಕಿಟಕಿಗೆ ಸಿಕ್ಕಿಸಿದೆವು. ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಕಾಲುದಾರಿಯಲ್ಲಿ ನಿಂತೆ, ಆಮೇಲೆ ನಾನು ಕುಳಿತು ಅವರು ಹೊರಗೆ ಹೋದರು. ಗಾಢ ಬೂದು ಬಣ್ಣದ ಜಾಲದಲ್ಲಿ ಅವರ ಕೈಯಲ್ಲಿನ ಪುಸ್ತಕದ ರಟ್ಟಿನ ಬಣ್ಣವೂ ಹೊರಗೆ ಕಾಣುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆವು. ಅಚ್ಚ ಬಿಳಿಯದರಲ್ಲಿ ಹೊರಗಿನಿಂದ ಏನೂ ಕಾಣಲಿಲ್ಲ, ಆದರೆ ಒಳಗಿನಿಂದ ಎದುರಿನ ಮರವೂ ಕಾಣದಾಯಿತು, ಮತ್ತು ಅತ್ತೆಯವರಿಗೆ ಆ ಮರ ಬೇಕಿತ್ತು. ಕೊನೆಗೆ ಮಾಸಲು ಬಿಳುಪಿನ ತೆಳು ಲಿನೆನ್ ಆರಿಸಿದೆವು. ಒಗೆದ ಮೇಲೆಯೇ ಕತ್ತರಿಸಿ, ಎರಡೂವರೆ ಪಟ್ಟು ಅಗಲ ಕೊಟ್ಟು, ಸೂರಿನಿಂದ ನೆಲದವರೆಗೆ ಇಳಿಬಿಟ್ಟಿದ್ದೇವೆ. ಅದರ ಹಿಂದೆ ಎರಡನೆಯ ಸರಳಿನಲ್ಲಿ ದಪ್ಪ ಪರದೆಯಿದೆ; ಸಂಜೆ ದೀಪ ಹಚ್ಚುವ ಮುನ್ನ ಅದನ್ನು ಎಳೆಯುವುದು ಈಗ ರೂಢಿಯಾಗಿದೆ. ಕುರ್ಚಿಯನ್ನು ಒಂದು ಮಾರು ಒಳಗೆ ಸರಿಸಿದ್ದೇವೆ.

ಹಳೆಯ ಪರದೆಯನ್ನು ಸೂಜಿದಾರರ ಮಾತಿನಂತೆ ಎಸೆಯದೆ ಉಳಿಸಿಕೊಂಡೆ. ಎರಡು ಬಾರಿ ನೆನೆಸಿ ಒಗೆದ ಮೇಲೆ ಹಳದಿ ಬಹಳಷ್ಟು ಇಳಿದು, ಹೂಬಳ್ಳಿಯ ಕುಸುರಿ ಎದ್ದುಬಂದಿತು. ಲೇಸಿನ ಭಾಗವನ್ನಷ್ಟೇ ಕತ್ತರಿಸಿ, ಮೆಟ್ಟಿಲ ತಿರುವಿನಲ್ಲಿರುವ ಸಣ್ಣ ಕಿಟಕಿಯ ಕೆಳಗಿನ ಅರ್ಧಕ್ಕೆ ಹೊಲಿದು ಹಾಕಿದ್ದೇನೆ. ಹನ್ನೊಂದು ಗಂಟೆಯ ಬಿಸಿಲಿಗೆ ಅದರ ನೆರಳು ಗೋಡೆಯ ಮೇಲೆ ಬೀಳುತ್ತದೆ. ಮೊನ್ನೆ ಅದೇ ನೆಂಟರು ಮತ್ತೆ ಬಂದಿದ್ದರು. ಹಜಾರದ ಪರದೆಯನ್ನು ಕೈಯಲ್ಲಿ ಹಿಡಿದು ನೋಡಿ, ಎಲ್ಲಿ ಹೊಲಿಸಿದಿರಿ ಎಂದು ಕೇಳಿದರು. ಅತ್ತೆಯವರು ಪುಸ್ತಕದಿಂದ ತಲೆಯೆತ್ತದೆಯೇ ನನ್ನ ಕಡೆ ಕೈ ತೋರಿಸಿದರು.